ಕಡಲು ಪಕ್ಕದಲ್ಲೇ ಇದ್ದರೂ ನಮ್ಮ ನದಿಗಳು ಪೂರ್ವಕ್ಕೇಕೆ ಹರಿಯುತ್ತವೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳನ್ನು ಬಿಸಿಲೆ ಘಾಟಿಯ ಕಡೆಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಮಂಕನಹಳ್ಳಿಯ ಬಳಿ ಬ್ರಿಟಿಷರ ಕಾಲದ ಕಲ್ಲೊಂದಿದೆ. ಅದರ ಒಂದು ಬದಿಗೆ ಬಿದ್ದ ಮಳೆ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಬದಿಗೆ ಬಿದ್ದದ್ದು ಬಂಗಾಳ ಕೊಲ್ಲಿಗೆ. ಒಬ್ಬ ವಿದ್ಯಾರ್ಥಿನಿ ಕೇಳಿದಳು: ‘ಪಶ್ಚಿಮಕ್ಕೆ ನೂರು ಕಿಲೋಮೀಟರ್ ಒಳಗೆ ಕಡಲು ಇರುವಾಗ ನೀರು ಪೂರ್ವಕ್ಕೆ ಅಷ್ಟು ದೂರ ಏಕೆ ಹೋಗಬೇಕು?’ ಇಳಿಜಾರು ಆ ಕಡೆಗಿದೆ ಎಂದಷ್ಟೇ ಹೇಳಿದೆ. ಆದರೆ ಇಳಿಜಾರು ಹಾಗೇಕಾಯಿತು? ಆ ಗೆರೆ ಮುಂದೆ ಎಂದಾದರೂ ಸರಿಯುತ್ತದೆಯೇ? ಪೂರ್ವ ಕರಾವಳಿಯಲ್ಲಿರುವಂತಹ ದೊಡ್ಡ ನದೀಮುಖಜ ಭೂಮಿಗಳು ನಮ್ಮ ಕರಾವಳಿಯಲ್ಲಿ ಏಕಿಲ್ಲ? ದಯವಿಟ್ಟು ವಿವರಿಸಿ.

ಉತ್ತರ: ನೀವು ಮಕ್ಕಳಿಗೆ ಹೇಳಿದ್ದು ಸರಿ. ಕಡಲು ಎಷ್ಟು ದೂರದಲ್ಲಿದೆ ಎಂಬುದು ನೀರಿನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ತಾನಿರುವ ಜಾಗಕ್ಕಿಂತ ಮುಂದಿನ ಅಡಿ ತಗ್ಗಿನಲ್ಲಿದೆಯೇ ಎಂಬುದಷ್ಟೇ ಅದರ ದಾರಿಯನ್ನು ತೀರ್ಮಾನಿಸುತ್ತದೆ. ಮಂಕನಹಳ್ಳಿಯ ಕಲ್ಲಿನ ಪಶ್ಚಿಮಕ್ಕೆ ಬಿದ್ದ ಹನಿ ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ ಮಂಗಳೂರಿನಲ್ಲಿ ಕಡಲು ಮುಟ್ಟುತ್ತದೆ. ಪೂರ್ವಕ್ಕೆ ಬಿದ್ದದ್ದು ಹೇಮಾವತಿಗೆ, ಅಲ್ಲಿಂದ ಕಾವೇರಿಗೆ, ಕನ್ನಂಬಾಡಿ, ಶಿವನಸಮುದ್ರ, ಮೇಕೆದಾಟು, ಹೊಗೇನಕಲ್, ಮೆಟ್ಟೂರು, ತಿರುಚಿರಾಪಳ್ಳಿಗಳನ್ನು ದಾಟಿ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿಗೆ. ಏಳೆಂಟು ನೂರು ಕಿಲೋಮೀಟರುಗಳ ಪಯಣ.

ಇದು ಬಿಸಿಲೆಯೊಂದರ ಕಥೆಯಲ್ಲ. ತಲಕಾವೇರಿಯಿಂದ ಅರಬ್ಬೀ ಸಮುದ್ರಕ್ಕೆ ನೇರ ಅಳೆದರೆ ಐವತ್ತು ಕಿಲೋಮೀಟರ್ ಆಸುಪಾಸು. ಅಲ್ಲಿ ಹುಟ್ಟಿದ ಕಾವೇರಿ ಸುಮಾರು 800 ಕಿ.ಮೀ. ಹರಿಯುತ್ತದೆ. ಮಹಾಬಲೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಪಶ್ಚಿಮದ ಕಡಲು ಸುಮಾರು 64 ಕಿ.ಮೀ. ದೂರ, ಅವಳು ಕ್ರಮಿಸುವುದು 1,400 ಕಿ.ಮೀ. ತ್ರ್ಯಂಬಕದ ಗೋದಾವರಿಗೆ ಕಡಲು ಸುಮಾರು 80 ಕಿ.ಮೀ., ಹರಿವು 1,465 ಕಿ.ಮೀ. ಎಲ್ಲಕ್ಕಿಂತ ಸೊಗಸಾದ ಉದಾಹರಣೆ ಕುದುರೆಮುಖ ಸೀಮೆಯ ಗಂಗಾಮೂಲ. ತುಂಗಾ, ಭದ್ರಾ, ನೇತ್ರಾವತಿ ಮೂರಕ್ಕೂ ತವರೆಂದು ಜನ ನಂಬುವ ಬೆಟ್ಟ ಅದು. ನೇತ್ರಾವತಿ ನೂರು ಕಿಲೋಮೀಟರ್ ಚಿಲ್ಲರೆಯಲ್ಲಿ ಕಡಲು ಸೇರಿಬಿಡುತ್ತದೆ. ತುಂಗೆ ಮತ್ತು ಭದ್ರೆ ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಒಂದಾಗಿ, ಕರ್ನೂಲಿನ ಬಳಿ ಕೃಷ್ಣೆಯನ್ನು ಸೇರಿ, ಸಾವಿರ ಕಿಲೋಮೀಟರ್ ಆಸುಪಾಸು ಹರಿದ ಮೇಲೆ ಕಡಲು ಕಾಣುತ್ತವೆ. ಒಂದೇ ಬೆಟ್ಟದ ಮಳೆ ಎರಡು ಕಡಲಿಗೆ ಹಂಚಿಹೋಗುತ್ತದೆ.

ಇನ್ನು ಇಳಿಜಾರಿನ ಕಾರಣಕ್ಕೆ ಬರೋಣ. ಪಶ್ಚಿಮ ಘಟ್ಟವನ್ನು ನಾವೆಲ್ಲ ಬೆಟ್ಟಸಾಲು ಎಂದೇ ಕಲಿತಿದ್ದೇವೆ. ಮಕ್ಕಳ ಗೊಂದಲ ಹುಟ್ಟುವುದೇ ಅಲ್ಲಿ ಎಂದು ನನಗನ್ನಿಸುತ್ತದೆ. ಬೆಟ್ಟಸಾಲು ಎಂದ ಕೂಡಲೇ ಎರಡೂ ಕಡೆಗೆ ಸಮನಾಗಿ ಇಳಿಯುವ ಏಣೊಂದು ಮನಸ್ಸಿಗೆ ಬರುತ್ತದೆ. ಹಿಮಾಲಯ ಎರಡು ಭೂಫಲಕಗಳು ಡಿಕ್ಕಿ ಹೊಡೆದು, ನೆಲ ಮಡಿಕೆಮಡಿಕೆಯಾಗಿ ಎದ್ದು ಆದ ಪರ್ವತ. ನಮ್ಮ ಘಟ್ಟಕ್ಕೆ ಅಂಥ ಡಿಕ್ಕಿಯ ಚರಿತ್ರೆ ಇಲ್ಲ. ಅದು ಒಂದು ಎತ್ತರದ ಪ್ರಸ್ಥಭೂಮಿಯ ಮುರಿದ ಅಂಚು. ತಾಪಿ ನದಿಯ ದಕ್ಷಿಣದಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿ.ಮೀ. ಉದ್ದಕ್ಕೆ ಈ ಅಂಚು ಸಾಗುತ್ತದೆ. ನಡುವೆ ದೊಡ್ಡ ಬಿರುಕೆಂದರೆ ಪಾಲಕ್ಕಾಡು ಕಣಿವೆ ಒಂದೇ.

ಇದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕಾದರೆ ಬೆಂಗಳೂರಿನಿಂದ ಮಂಗಳೂರಿಗೆ ಹಗಲು ರೈಲು ಹತ್ತಿಸಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸಕಲೇಶಪುರವೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅಂದರೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ರೈಲು ಓಡಿದ ಮೇಲೂ ಒಟ್ಟು ಲೆಕ್ಕದಲ್ಲಿ ಏರಿದ್ದೂ ಇಲ್ಲ, ಇಳಿದದ್ದೂ ಇಲ್ಲ. ಸಕಲೇಶಪುರ ದಾಟಿದ ಮೇಲೆ ನೋಡಬೇಕು. ಅಲ್ಲಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ 55 ಕಿ.ಮೀ.ನಲ್ಲಿ 57 ಸುರಂಗಗಳು, ಹೆಜ್ಜೆಹೆಜ್ಜೆಗೂ ಸೇತುವೆಗಳು. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯುವ ಹಳಿ. ರೈಲಿಗೆ ಇದು ಬಹಳ ಕಡಿದು. ಕೆಳಗೆ ತಲುಪುವಾಗ ಎತ್ತರ ನೂರು ಮೀಟರ್ ಚಿಲ್ಲರೆಗೆ ಬಂದಿರುತ್ತದೆ. ಪೂರ್ವದಿಂದ ಬಂದವರಿಗೆ ಘಟ್ಟ ‘ಹತ್ತುವ’ ಅನುಭವವೇ ಆಗುವುದಿಲ್ಲ, ಇಳಿಯುವ ಅನುಭವ ಮಾತ್ರ. ಬೆಟ್ಟಸಾಲಾಗಿದ್ದರೆ ಒಮ್ಮೆ ಹತ್ತಿ ಆಮೇಲೆ ಇಳಿಯಬೇಕಿತ್ತಲ್ಲವೇ? ಈ ಒಂದು ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದರೆ ಸಾಕು, ಘಟ್ಟ ಅಂಚು ಎಂಬುದು ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ.

ಇದೇ ಕಾರಣಕ್ಕೆ ನದಿಗಳನ್ನು ಹಂಚುವ ಗೆರೆ, ಅಂದರೆ ಜಲವಿಭಾಜಕ, ಅತಿ ಎತ್ತರದ ಶಿಖರಗಳ ಮೇಲೆಯೇ ಹಾದುಹೋಗಬೇಕೆಂದಿಲ್ಲ. ಕರ್ನಾಟಕದ ಅತ್ಯಂತ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಅದರ ಮೇಲೆ ಬಿದ್ದ ಮಳೆಯಲ್ಲಿ ಒಂದು ಹನಿಯೂ ಅರಬ್ಬೀ ಸಮುದ್ರಕ್ಕೆ ಹರಿದುಹೋಗುವುದಿಲ್ಲ. ಆ ಬಾಬಾಬುಡನ್ ಗಿರಿಶ್ರೇಣಿಯ ಪಶ್ಚಿಮದ ನೀರು ಭದ್ರೆಗೆ, ಪೂರ್ವದ್ದು ವೇದಾವತಿಗೆ, ದಕ್ಷಿಣದ್ದು ಯಗಚಿಯ ಮೂಲಕ ಹೇಮಾವತಿಗೆ. ಮೂರೂ ಕೊನೆಗೆ ಬಂಗಾಳ ಕೊಲ್ಲಿಯವೇ. ಅತ್ತ ಆಗುಂಬೆ ಏಳುನೂರು ಮೀಟರಿಗಿಂತ ಕಡಿಮೆ ಎತ್ತರದ ಊರು. ಆದರೂ ಜಲವಿಭಾಜಕ ಅಲ್ಲೇ ಹಾದುಹೋಗುತ್ತದೆ: ಊರಿನ ಪೂರ್ವದ ನೀರು ಮಾಲತಿ ಹೊಳೆಯಾಗಿ ತುಂಗೆಗೆ ಸೇರುತ್ತದೆ, ಸೂರ್ಯಾಸ್ತ ನೋಡುವ ಕಟ್ಟೆಯ ಮುಂದಿನ ಪ್ರಪಾತಕ್ಕೆ ಬಿದ್ದದ್ದು ಕರಾವಳಿಗೆ ಇಳಿಯುತ್ತದೆ. ಎತ್ತರವಲ್ಲ, ಅಂಚು ಎಲ್ಲಿದೆ ಎಂಬುದು ಮುಖ್ಯ.

ಈ ಅಂಚು ಮುರಿದದ್ದು ಹೇಗೆ ಎಂಬುದು ನಿಮ್ಮ ಪ್ರಶ್ನೆಯ ತಿರುಳು. ನಮ್ಮ ಪರ್ಯಾಯ ದ್ವೀಪ ಹಿಂದೆ ಗೊಂಡ್ವಾನ ಎಂಬ ಮಹಾಖಂಡದ ಭಾಗವಾಗಿತ್ತು. ಈಗ ಮಲ್ಪೆ, ಮಂಗಳೂರು, ಕಾರವಾರ ಇರುವೆಡೆ ಆಗ ಕಡಲೇ ಇರಲಿಲ್ಲ. ಪಶ್ಚಿಮಕ್ಕೆ ಮಡಗಾಸ್ಕರ್ ಅಂಟಿಕೊಂಡಿತ್ತು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಆ ನೆಲ ಸೀಳಿ ಮಡಗಾಸ್ಕರ್ ದೂರ ಸರಿಯಿತು. ಆ ಸೀಳಿನ ಕಾಲದಲ್ಲಿ ಉಕ್ಕಿದ ಲಾವಾದ ಕುರುಹು ನಮ್ಮಲ್ಲೇ ಇದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಬಹುಭುಜಾಕೃತಿಯ ಕಲ್ಲುಕಂಬಗಳು ಆ ಲಾವಾ ತಣ್ಣಗಾಗುವಾಗ ಕುಗ್ಗಿ ಬಿರಿದು ಆದವು. ಆ ಶಿಲೆಯ ವಯಸ್ಸೂ ಮಡಗಾಸ್ಕರಿನ ಲಾವಾಶಿಲೆಗಳ ವಯಸ್ಸೂ ಹೊಂದಿಕೆಯಾಗುತ್ತವೆ. ಅನಂತರ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಉತ್ತರದಲ್ಲಿ ದಖ್ಖನಿನ ಮಹಾ ಲಾವಾಪ್ರವಾಹ. ಬೆಳಗಾವಿ, ವಿಜಯಪುರ ಸೀಮೆಯ ಕಪ್ಪು ಬಸಾಲ್ಟ್ ಅದೇ. ಅದರ ಬೆನ್ನಿಗೇ ಸೇಶೆಲ್ಸ್ ದ್ವೀಪಗಳ ನೆಲವೂ ಪಶ್ಚಿಮ ಅಂಚಿನಿಂದ ಬೇರ್ಪಟ್ಟಿತು.

ಖಂಡವೊಂದು ಸೀಳುವಾಗ ಸೀಳಿನ ಅಂಚು ತಗ್ಗಿ ಹೋಗುತ್ತದೆ ಎಂದು ನಾವು ಊಹಿಸುತ್ತೇವೆ. ಆಗುವುದು ಅದಕ್ಕೆ ವಿರುದ್ಧ. ಸೀಳಿನ ಅಡಿಯಿಂದ ಬಿಸಿಯಾದ ವಸ್ತು ಮೇಲೇರಿ ಅಂಚಿನ ನೆಲವನ್ನು ಉಬ್ಬಿಸುತ್ತದೆ. ಆಮೇಲೆ ಹೊಸ ಕಡಲಿನ ಕಡೆಗೆ ಕಡಿದಾದ ಹಳ್ಳಗಳು ಹುಟ್ಟಿ, ಅಂಚಿನ ಹೊರಮೈಯ ಕಲ್ಲುಮಣ್ಣನ್ನು ಕೊರೆದು ಕಡಲಿಗೆ ಸಾಗಿಸುತ್ತವೆ. ಭೂಮಿಯ ಹೊರಚಿಪ್ಪು ಕೆಳಗಿನ ಮೆತುವಾದ ಪದರದ ಮೇಲೆ ತೇಲುತ್ತಿರುವಂಥದ್ದು. ಮೇಲಿನ ಹೊರೆ ಕಡಿಮೆಯಾದಂತೆ, ಸರಕು ಇಳಿಸಿದ ದೋಣಿ ಮೇಲೇಳುವಂತೆ, ಅದೂ ಮೇಲೇಳುತ್ತದೆ. ಚಿಪ್ಪು ಗಡುಸಾದ್ದರಿಂದ ಹೊರೆ ಕಳೆದುಕೊಂಡ ಕರಾವಳಿ ಪಟ್ಟಿಯಷ್ಟೇ ಅಲ್ಲ, ಪಕ್ಕದ ಪ್ರಸ್ಥಭೂಮಿಯ ಅಂಚೂ ಜೊತೆಗೆ ಏಳುತ್ತದೆ. ಹೀಗೆ ಅಂಚು ಎತ್ತರವಾಗಿ ಉಳಿದು, ಒಳನಾಡು ಅದರಿಂದ ದೂರಕ್ಕೆ, ಪೂರ್ವಕ್ಕೆ, ಮೆಲ್ಲಗೆ ವಾಲಿಕೊಳ್ಳುತ್ತದೆ. ಹೊಸ ಕಡಲು ಹುಟ್ಟಿದ್ದು ಪಶ್ಚಿಮಕ್ಕೆ. ಆದರೆ ಅದು ಹುಟ್ಟಿದ ರೀತಿಯೇ ಒಳನಾಡಿನ ನದಿಗಳು ತನಗೆ ಬೆನ್ನು ಹಾಕುವಂತೆ ಮಾಡಿತು. ನಿಮ್ಮ ವಿದ್ಯಾರ್ಥಿನಿಗೆ ಹೇಳಬೇಕಾದ ಉತ್ತರ ಇದು: ಕಡಲು ಪಕ್ಕದಲ್ಲಿದ್ದರೂ ನದಿ ಅತ್ತ ಹೋಗಲಿಲ್ಲ ಎನ್ನುವುದಕ್ಕಿಂತ, ಆ ಕಡಲು ಅಲ್ಲಿ ಬಾಯಿ ತೆರೆದದ್ದರಿಂದಲೇ ನದಿ ಇತ್ತ ತಿರುಗಿತು ಎನ್ನುವುದು ಸರಿ.

ಹಾಗಾದರೆ ಸೀಳಿನ ಆಚೆ ಬದಿಯಲ್ಲೂ ಹೀಗೆಯೇ ಆಗಿರಬೇಕಲ್ಲವೇ? ಆಗಿದೆ. ಮಡಗಾಸ್ಕರಿನ ಭೂಪಟ ತೆಗೆದು ನೋಡಿ. ಅಲ್ಲಿ ಕಡಿದಾದ ಘಟ್ಟ ಇರುವುದು ಪೂರ್ವ ಕರಾವಳಿಯಲ್ಲಿ, ನಮ್ಮತ್ತ ಮುಖಮಾಡಿ. ಪೂರ್ವಕ್ಕೆ ಇಳಿಯುವ ನದಿಗಳು ಗಿಡ್ಡ ಮತ್ತು ರಭಸದವು. ಬೆಟ್ಸಿಬೋಕಾ, ಮಂಗೋಕಿಯಂತಹ ಉದ್ದದ ನದಿಗಳು ಎತ್ತರದ ನಾಡಿನಿಂದ ಪಶ್ಚಿಮಕ್ಕೆ ಹರಿದು ಮೊಜಾಂಬಿಕ್ ಕಾಲುವೆಯನ್ನು ಸೇರುತ್ತವೆ. ನಮ್ಮ ಘಟ್ಟವೂ ಅವರ ಘಟ್ಟವೂ ಒಂದೇ ಸೀಳಿನ ಎರಡು ತುಟಿಗಳು. ಎರಡೂ ಕಡೆಯ ದೊಡ್ಡ ನದಿಗಳು ಸೀಳಿಗೆ ಬೆನ್ನು ಹಾಕಿ ಹರಿಯುತ್ತಿವೆ. ಭೂಗೋಳ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ.

ಬೇರೆ ಖಂಡಗಳಲ್ಲೂ ಇದೇ ನಡೆದಿದೆ. ದಕ್ಷಿಣ ಆಫ್ರಿಕಾದ ಆರೆಂಜ್ ನದಿ ಹಿಂದೂ ಮಹಾಸಾಗರದಿಂದ ಇನ್ನೂರು ಕಿಲೋಮೀಟರ್ ಒಳಗೆ ಲೆಸೊಥೊ ಎತ್ತರನಾಡಿನಲ್ಲಿ ಹುಟ್ಟಿ, ಇಡೀ ಖಂಡವನ್ನು ಅಡ್ಡಹಾಯ್ದು ಅಟ್ಲಾಂಟಿಕ್ ಸೇರುತ್ತದೆ. ಬ್ರೆಜಿಲಿನ ಚಿಯೆಟೆ ನದಿಯ ಮೂಲದಿಂದ ಅಟ್ಲಾಂಟಿಕ್ ಸಾಗರ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ಮಾತ್ರ. ಆದರೂ ಅದು ಕಡಲಿಗೆ ಬೆನ್ನು ಹಾಕಿ ಒಳನಾಡಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ಹರಿದು ಪರಾನಾ ನದಿಯನ್ನು ಕೂಡುತ್ತದೆ. ಎರಡೂ ಗೊಂಡ್ವಾನ ಒಡೆದಾಗ ಮುರಿದ ಅಂಚುಗಳೇ.

ಇಲ್ಲಿ ನಮ್ಮ ನರ್ಮದಾ, ತಾಪಿಗಳು ಪಶ್ಚಿಮಕ್ಕೇ ಹರಿಯುತ್ತವಲ್ಲ ಎಂದು ಯಾವುದಾದರೂ ಜಾಣ ಮಗು ಕೇಳಬಹುದು. ಅವು ವಾಲಿಕೊಂಡ ಪ್ರಸ್ಥಭೂಮಿಯ ಮೇಲೆ ಹರಿಯುವ ನದಿಗಳಲ್ಲ. ಭೂಸ್ತರ ಕುಸಿದು ಆದ ಉದ್ದನೆಯ ತಗ್ಗುಗಳಲ್ಲಿ ಹರಿಯುತ್ತವೆ. ಆ ತಗ್ಗು ಬಾಯಿ ತೆರೆದಿರುವುದು ಪಶ್ಚಿಮಕ್ಕೆ, ಅಷ್ಟೇ.

ಘಟ್ಟದ ವಯಸ್ಸಿನ ಬಗ್ಗೆ ಭೂವಿಜ್ಞಾನಿಗಳಲ್ಲಿ ದೀರ್ಘ ಚರ್ಚೆ ನಡೆದಿದೆ. ಕನ್ನಡನಾಡಿನ ಹಿರಿಯ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರು 1952ರಲ್ಲೇ ಮೈಸೂರು ಪ್ರಸ್ಥಭೂಮಿಯ ರಚನೆಯ ಬಗ್ಗೆ ಬರೆದವರು. 1993ರ ಲೇಖನವೊಂದರಲ್ಲಿ ಅವರು, ಪರ್ಯಾಯ ದ್ವೀಪ ಈಗಿನ ಎತ್ತರಕ್ಕೆ ಎದ್ದದ್ದು ಭೂಚರಿತ್ರೆಯ ಲೆಕ್ಕದಲ್ಲಿ ಈಚೆಗೆ, ನಿಯೋಜೀನ್ ಯುಗದಲ್ಲಿ, ಅಂದರೆ ಕಳೆದ 2.3 ಕೋಟಿ ವರ್ಷಗಳೊಳಗೆ ಎಂದು ವಾದಿಸಿದರು. ಜೋಗ, ಶಿವನಸಮುದ್ರದಂತಹ ಜಲಪಾತಗಳು ಇನ್ನೂ ಸವೆದು ಸಪಾಟಾಗದೆ ಉಳಿದಿರುವುದನ್ನು ನೋಡಿದರೆ ಆ ವಾದದ ಬಲ ತಿಳಿಯುತ್ತದೆ. ಆದರೆ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆ ದಿಕ್ಕು ತೋರಿಸಿತು. ಮಳೆನೀರು ಇಳಿದು ಕಲ್ಲು ಕೊಳೆತು ಮುರಕಲ್ಲಾಗುವಾಗ ಅದರೊಳಗೆ ಮ್ಯಾಂಗನೀಸ್ ಖನಿಜಗಳು ಬೆಳೆಯುತ್ತವೆ; ಅವುಗಳ ವಯಸ್ಸನ್ನು ಆರ್ಗಾನ್ ವಿಧಾನದಿಂದ ಅಳೆಯಬಹುದು. ಘಟ್ಟದ ಬುಡದ ತಗ್ಗು ನೆಲದಲ್ಲಿ ಸಿಕ್ಕ ಇಂತಹ ಖನಿಜಗಳ ವಯಸ್ಸು 4.7 ಕೋಟಿ ವರ್ಷದವರೆಗೂ ಹೋಯಿತು. ಅಷ್ಟು ಹಿಂದೆಯೇ ಆ ತಗ್ಗು ನೆಲ ಕಡಿದಾದ ಘಟ್ಟದ ಕೆಳಗೆ ತೆರೆದುಕೊಂಡಿತ್ತು ಎಂದಾಯಿತು.

ಇನ್ನೊಂದು ಸಂಗತಿ ಸೇರಿಸಿ. ಘಟ್ಟದ ಉತ್ತರಾರ್ಧ 6.6 ಕೋಟಿ ವರ್ಷದ ಬಸಾಲ್ಟಿನಲ್ಲಿದೆ, ದಕ್ಷಿಣಾರ್ಧ ಅದಕ್ಕಿಂತ ಬಹಳ ಹಳೆಯ, ಕೆಲವೆಡೆ 300 ಕೋಟಿ ವರ್ಷ ಮೀರಿದ, ನೈಸ್ ಮುಂತಾದ ಗಟ್ಟಿ ಶಿಲೆಗಳಲ್ಲಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಈ ನೈಸ್ ಕುಲದ್ದೇ. ಕಲ್ಲು ಬದಲಾದರೂ ಅಂಚು ಮುರಿಯದೆ ಮುಂದುವರಿಯುತ್ತದೆ. ಅಂದರೆ ಅಂಚು ಮೂಡಿದ್ದಕ್ಕೆ ಕಲ್ಲಿನ ಜಾತಿ ಕಾರಣವಲ್ಲ. ಬಸಾಲ್ಟನ್ನೂ ಕತ್ತರಿಸಿರುವುದರಿಂದ ಉತ್ತರದ ಘಟ್ಟವಂತೂ ಆ ಲಾವಾಕ್ಕಿಂತ ಕಿರಿಯದು. 6.6 ಕೋಟಿ ಮತ್ತು 4.7 ಕೋಟಿ ವರ್ಷಗಳ ನಡುವೆ ಘಟ್ಟ ತನ್ನ ಈಗಿನ ನೆಲೆಗೆ ಬಂದಿರಬೇಕು ಎಂಬ ಕಡೆಗೆ ನನ್ನ ಒಲವು. ಜಲಪಾತಗಳು ಉಳಿದಿರುವುದಕ್ಕೆ ಈಚಿನ ಏರಿಕೆಯೇ ಬೇಕಾಗಿಲ್ಲ. ಗಟ್ಟಿ ನೈಸ್ ಶಿಲೆಯನ್ನು ಸವೆಸಲು ನದಿಗಳಿಗೆ ಕೋಟ್ಯಂತರ ವರ್ಷಗಳೂ ಸಾಲದೆ ಹೋಗಬಹುದು.

ಈಗ ನಿಮ್ಮ ಎರಡನೆಯ ಪ್ರಶ್ನೆ: ಗೆರೆ ಸರಿಯುತ್ತದೆಯೇ? ಸರಿಯುತ್ತದೆ, ಪೂರ್ವಕ್ಕೆ. ಪಶ್ಚಿಮದ ಹಳ್ಳಗಳು ಕಡಿದಾಗಿವೆ. ನೈಋತ್ಯ ಮುಂಗಾರಿನ ಮಳೆಯ ಸಿಂಹಪಾಲೂ ಅವಕ್ಕೇ ಸಿಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆಯಾದರೆ ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ಆದ್ದರಿಂದ ಪಶ್ಚಿಮದ ಹಳ್ಳಗಳು ತಮ್ಮ ಹುಟ್ಟುವ ನೆಲೆಯನ್ನೇ ಹಿಂದಕ್ಕೆ, ಹಿಂದಕ್ಕೆ ಕೊರೆಯುತ್ತಾ ಪ್ರಸ್ಥಭೂಮಿಯೊಳಕ್ಕೆ ನುಗ್ಗುತ್ತವೆ. ಹೀಗೆ ನುಗ್ಗಿದ ಹಳ್ಳ ಪೂರ್ವಕ್ಕೆ ಹರಿಯುವ ಹೊಳೆಯೊಂದರ ಪಾತ್ರವನ್ನು ಮುಟ್ಟಿತೆಂದರೆ, ಆ ಹೊಳೆಯ ಮೇಲ್ಭಾಗದ ನೀರೆಲ್ಲ ಹೊಸ ತಗ್ಗಿಗೆ ತಿರುಗಿಬಿಡುತ್ತದೆ. ಭೂಗೋಳದಲ್ಲಿ ಇದನ್ನು ನದಿ ಅಪಹರಣ ಎನ್ನುತ್ತೇವೆ.

ಶರಾವತಿ ಹಾಗೆ ತಿರುಗಿಸಲ್ಪಟ್ಟ ನದಿ ಎಂದು ಹಲವರು ಭಾವಿಸಿದ್ದಾರೆ, ಆ ಕಣಿವೆಯ ರೂಪ ನೋಡಿದರೆ ನನಗೂ ಹಾಗೆಯೇ ತೋರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಅದು ವಾಯವ್ಯಕ್ಕೆ, ಅಂಚಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಪ್ರಸ್ಥಭೂಮಿಯ ಅಗಲವಾದ ಕಣಿವೆಯಲ್ಲಿ ಹರಿಯುತ್ತದೆ. ಆ ಕಣಿವೆ ಎಷ್ಟು ವಿಶಾಲವೆಂದರೆ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು 300 ಚದರ ಕಿ.ಮೀ.ಗೂ ಹೆಚ್ಚು ನೆಲವನ್ನು ಆವರಿಸಿತು, ಊರೂರುಗಳೇ ಮುಳುಗಿದವು. ಕಡಿದಾದ ಕಣಿವೆಯಾಗಿದ್ದರೆ ನೀರು ಅಷ್ಟು ಹರಡುತ್ತಲೇ ಇರಲಿಲ್ಲ. ಇಂತಹ ಮುದಿ, ಸಾವಧಾನದ ನದಿ ಇದ್ದಕ್ಕಿದ್ದಂತೆ ಪಶ್ಚಿಮಕ್ಕೆ ತಿರುಗಿ ಜೋಗದಲ್ಲಿ 253 ಮೀಟರ್ ಧುಮುಕಿ, ಇಕ್ಕಟ್ಟಾದ ಕಮರಿಯೊಳಗೆ ಹಾದು ಗೇರುಸೊಪ್ಪೆಗೆ ಬರುತ್ತದೆ. ಅಲ್ಲಿಂದ ಹೊನ್ನಾವರದವರೆಗೆ ಹೊಳೆಯ ನೀರು ಕಡಲಮಟ್ಟಕ್ಕೆ ಹತ್ತಿರ. ಮೇಲಿನ ನದಿಗೂ ಕೆಳಗಿನ ನದಿಗೂ ಸ್ವಭಾವವೇ ಬೇರೆ. ಎರಡು ಬೇರೆ ಬೇರೆ ನದಿಗಳನ್ನು ಜೋಗದಲ್ಲಿ ಹೊಲಿದ ಹಾಗೆಯೇ ಇದೆ ಅದರ ಇಳಿತದ ನಕ್ಷೆ.

ಉತ್ತರ ಕನ್ನಡದಲ್ಲಿ ಅಂಚು ತಗ್ಗಾಗಿದೆ, ಪಶ್ಚಿಮದ ನದಿಗಳು ಬಹಳ ಒಳಕ್ಕೆ ಕೈಚಾಚಿವೆ. ಧಾರವಾಡ ಬಯಲಿನ ಹತ್ತಿರ ಹುಟ್ಟುವ ಶಾಲ್ಮಲಾ, ಬೇಡ್ತಿಯೊಡನೆ ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಕಡಲು ಸೇರುತ್ತದೆ. ಅದೇ ಕುದುರೆಮುಖದ ಸುತ್ತ ಅಂಚು ಇನ್ನೂ ಬಿಗಿಯಾಗಿ ನಿಂತಿದೆ. ಅಲ್ಲಿ ಪಶ್ಚಿಮದ ಯಾವ ಹೊಳೆಯೂ ಪ್ರಸ್ಥಭೂಮಿಯೊಳಕ್ಕೆ ದೂರ ನುಗ್ಗಿಲ್ಲ.

ಆದರೆ ಈ ಸರಿತದ ವೇಗ ನಮ್ಮ ಬದುಕಿನ ಅಳತೆಗೆ ಸಿಗುವಂಥದ್ದಲ್ಲ. ದಕ್ಷಿಣ ಘಟ್ಟದಲ್ಲಿ ನದಿಮರಳಿನಲ್ಲಿ ಬಾಹ್ಯಾಕಾಶದ ಕಿರಣಗಳಿಂದ ಹುಟ್ಟುವ ಬೆರಿಲಿಯಂ ಅಳೆದು ಲೆಕ್ಕ ಹಾಕಿದಾಗ, ಪ್ರಸ್ಥಭೂಮಿಯ ಮೇಲೆ ಸವೆತ ಹತ್ತು ಲಕ್ಷ ವರ್ಷಕ್ಕೆ ಸುಮಾರು ಹತ್ತು ಮೀಟರ್ ಎಂದೂ ಪಶ್ಚಿಮದ ಮೈಯಲ್ಲಿ ಅದರ ಕೆಲವು ಪಟ್ಟು ಎಂದೂ ಕಂಡುಬಂದಿದೆ. ಮಂಕನಹಳ್ಳಿಯ ಕಲ್ಲನ್ನು ಬೇರೆಡೆ ನೆಡಬೇಕಾದ ಕಾಲ ಸದ್ಯಕ್ಕೆ ಬರುವುದಿಲ್ಲ.

ಮನುಷ್ಯರು ಮಾತ್ರ ಅಷ್ಟು ಕಾಯುತ್ತಿಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಪೂರ್ವಕ್ಕೆ ಹೋಗುತ್ತದೆ; ಅಲ್ಲೇ ಹತ್ತಿರದ ಕಳಸಾ ಹಳ್ಳ ಮಹದಾಯಿಯ ಪಾಲಾಗಿ ಗೋವಾಕ್ಕೆ ಇಳಿಯುತ್ತದೆ. ಇಷ್ಟು ಸಮೀಪದ ಎರಡು ನೀರನ್ನು ಒಂದು ಕಾಲುವೆಯಿಂದ ಜೋಡಿಸಬಹುದು ಎಂಬುದೇ ಮಹದಾಯಿ ನೀರಿನ ದೀರ್ಘ ವಿವಾದದ ಭೌಗೋಳಿಕ ಮೂಲ. ನಿಮ್ಮ ಸಕಲೇಶಪುರ ಸೀಮೆಯಲ್ಲೇ ಎತ್ತಿನಹೊಳೆ ಯೋಜನೆ ಇದೆ: ನೇತ್ರಾವತಿಗೆ ಸೇರುವ ಹಳ್ಳಗಳ ಸುಮಾರು 24 ಟಿಎಂಸಿ ನೀರನ್ನು ಪಂಪುಗಳಿಂದ ಜಲವಿಭಾಜಕದ ಮೇಲಕ್ಕೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಯೋಜನೆ. 2024ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತ ಚಾಲನೆಗೊಂಡಿತು. ಬಯಲುಸೀಮೆಯ ಬಾಯಾರಿಕೆ ನಿಜವಾದದ್ದು, ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ‘ಕಡಲಿಗೆ ಹರಿದು ವ್ಯರ್ಥವಾಗುವ ನೀರು’ ಎಂಬ ಮಾತನ್ನು ತರಗತಿಯಲ್ಲಿ ಮಾತ್ರ ಆಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಆ ನೀರು ಏನು ಮಾಡುತ್ತದೆ ಎಂಬುದು ನಿಮ್ಮ ಮೂರನೆಯ ಪ್ರಶ್ನೆಯ ಉತ್ತರದಲ್ಲೇ ಇದೆ.

ಪೂರ್ವದ ನದಿಗಳು ಪ್ರಸ್ಥಭೂಮಿಯನ್ನು ನಿಧಾನವಾಗಿ ತೊಳೆದು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ತುಂಬಿದ ಕನ್ನಂಬಾಡಿ ಸಮುದ್ರಮಟ್ಟದಿಂದ ಸುಮಾರು 750 ಮೀಟರಿನಲ್ಲಿದ್ದರೆ ಮೆಟ್ಟೂರು ಸುಮಾರು 240 ಮೀಟರಿನಲ್ಲಿದೆ. ನಡುವಿನ ಐನೂರು ಮೀಟರನ್ನು ಶಿವನಸಮುದ್ರ, ಮೇಕೆದಾಟು, ಹೊಗೇನಕಲ್‌ಗಳ ನೆಗೆತಗಳಲ್ಲೂ ಅವುಗಳ ನಡುವಿನ ಇಳಿಜಾರಿನ ಹಾದಿಯಲ್ಲೂ ಕಾವೇರಿ ಕಳೆದುಕೊಳ್ಳುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದದ್ದು ಈ ಮೆಟ್ಟಿಲಿನ ಬಲದಿಂದಲೇ. ಮೆಟ್ಟೂರು ದಾಟಿ ಕೆಳಗಿಳಿದ ಮೇಲೆ ನೆಲ ಸಪಾಟು. ರಭಸ ಕಳೆದುಕೊಂಡ ನದಿ ತಾನು ಹೊತ್ತು ತಂದ ಹೂಳನ್ನು ಹರಡುತ್ತದೆ, ಕವಲೊಡೆಯುತ್ತದೆ. ವಿಶಾಲವಾದ ಜಲಾನಯನದ ಮಣ್ಣು ಯುಗಯುಗಗಳಿಂದ ಬಂದು ಬಿದ್ದು ತಂಜಾವೂರಿನ ಬಯಲಾಯಿತು. ಕೃಷ್ಣಾ, ಗೋದಾವರಿಗಳದ್ದೂ ಇದೇ ಬಗೆ.

ಪಶ್ಚಿಮದ ನದಿಗಳ ಜಲಾನಯನ ಕಿರಿದು, ಓಟ ಗಿಡ್ಡ. ಸವೆತದ ವೇಗ ಹೆಚ್ಚಿದ್ದರೂ ಇಷ್ಟು ಕಿರಿದಾದ ನೆಲ ಬಿಟ್ಟುಕೊಡುವ ಒಟ್ಟು ಮಣ್ಣು ಕಡಿಮೆ. ಬಿಟ್ಟುಕೊಟ್ಟದ್ದನ್ನೂ ಮುಂಗಾರಿನ ಅಲೆಗಳು ಒಂದೆಡೆ ನಿಲ್ಲಗೊಡದೆ ದಡದುದ್ದಕ್ಕೂ ಎಳೆದೊಯ್ಯುತ್ತವೆ. ಇನ್ನೊಂದು ಕಾರಣ ಕಡಲಿನ ಕಡೆಯದು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಉತ್ತುಂಗದಲ್ಲಿದ್ದಾಗ, ಕಡಲಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ನದಿಗಳು ತಮ್ಮ ಪಾತ್ರಗಳನ್ನು ಆಳವಾಗಿ ಕೊರೆದುಕೊಂಡವು. ಹಿಮ ಕರಗಿ ಕಡಲು ಏರಿದಾಗ ಆ ಕಣಿವೆಗಳ ಬಾಯಿಗೆ ಉಪ್ಪುನೀರು ನುಗ್ಗಿತು. ಪೂರ್ವದ ದೊಡ್ಡ ನದಿಗಳು ತಮ್ಮ ಹೂಳಿನಿಂದ ಅದನ್ನು ತುಂಬಿ ಮುಂದಕ್ಕೆ ಬೆಳೆದವು. ನಮ್ಮ ಚಿಕ್ಕ ನದಿಗಳಿಗೆ ಅದು ಸಾಧ್ಯವಾಗಲಿಲ್ಲ. ಅವು ಅಗಲವಾದ ಅಳಿವೆಗಳಾಗಿ ಉಳಿದವು.

ಅಳಿವೆಗಳೇ ನಮ್ಮ ಕರಾವಳಿಯ ಸಂಪತ್ತು. ಸಿಹಿನೀರು, ಉಪ್ಪುನೀರು ದಿನಕ್ಕೆರಡು ಬಾರಿ ಬೆರೆಯುವ ಈ ಜಾಗಗಳಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಬೆಳೆಯುತ್ತದೆ, ಮೀನು ಸಿಗಡಿಗಳ ಮರಿಗಳು ಬಲಿಯುತ್ತವೆ, ಹೊಳೆಯ ನಡುವೆ ಕುದ್ರುಗಳು, ಅಂದರೆ ಪುಟ್ಟ ನಡುಗಡ್ಡೆಗಳು, ಏಳುತ್ತವೆ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಿರುವುದು, ಮಳೆಗಾಲದ ಹೊಳೆ ಗದ್ದೆಯ ಉಪ್ಪನ್ನು ತೊಳೆದುಕೊಡುವುದರಿಂದ. ಹೊಳೆಯ ಹರಿವು ಕುಗ್ಗಿದರೆ ಉಪ್ಪುನೀರು ಇನ್ನಷ್ಟು ಒಳಕ್ಕೆ ಬಂದು ಬಾವಿಗಳನ್ನು ಕೆಡಿಸುತ್ತದೆ. ಆ ನೀರು ‘ವ್ಯರ್ಥ’ ಅಲ್ಲ ಎಂದು ನಾನು ಮೇಲೆ ಹೇಳಿದ್ದು ಇದಕ್ಕೇ.

ಅಲೆಗಳು ಎಳೆದೊಯ್ದ ಮರಳು ಕೆಲವೆಡೆ ನದಿಬಾಯಿಗೆ ಅಡ್ಡಲಾಗಿ ಉದ್ದನೆಯ ಮರಳುದಿಣ್ಣೆಯಾಗಿ ಬೆಳೆಯುತ್ತದೆ. ಮಂಗಳೂರಿನ ಬೆಂಗ್ರೆ, ಉಡುಪಿ ಕಡೆಯ ಕೋಡಿ ಬೆಂಗ್ರೆ ಅಂಥವು. ಮಕ್ಕಳಿಗೆ ತೋರಿಸಲು ಎಲ್ಲಕ್ಕಿಂತ ಒಳ್ಳೆಯ ಜಾಗ ಮರವಂತೆ. ಅಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಕೊಲ್ಲೂರಿನ ಕಾಡಿನಿಂದ ಇಳಿದು ಬಂದ ನದಿ ಕಡಲಿನಿಂದ ಕೂಗಳತೆಯೊಳಗೆ ಬಂದೂ ಮರಳಿನ ಪಟ್ಟಿಯನ್ನು ದಾಟಲಾಗದೆ, ದಿಕ್ಕು ಬದಲಿಸಿ ಗಂಗೊಳ್ಳಿಯವರೆಗೆ ಹೋಗಿ, ಬೇರೆ ನಾಲ್ಕು ಹೊಳೆಗಳ ಜೊತೆ ಪಂಚಗಂಗಾವಳಿಯ ಅಳಿವೆಬಾಗಿಲಿನಲ್ಲಿ ಕಡಲು ಸೇರುತ್ತದೆ. ಕಡಲು ಪಕ್ಕದಲ್ಲೇ ಇದ್ದರೂ ನದಿ ಅತ್ತ ಹೋಗದಿರುವುದಕ್ಕೆ ಕೋಟ್ಯಂತರ ವರ್ಷಗಳ ಘಟ್ಟವೇ ಬೇಕೆಂದಿಲ್ಲ, ಕೆಲವೇ ಮೀಟರ್ ಎತ್ತರದ ಮರಳು ಸಾಕು ಎಂಬುದನ್ನು ಅಲ್ಲಿ ರಸ್ತೆಯ ಬದಿಯಲ್ಲೇ ನಿಂತು ಕಲಿಸಬಹುದು. ಮುಂದಿನ ಪ್ರವಾಸಕ್ಕೆ ಡಿಸೆಂಬರ್ ಅಥವಾ ಜನವರಿ ಆರಿಸಿಕೊಳ್ಳಿ. ಆಗ ಕಡಲು ಶಾಂತವಾಗಿರುತ್ತದೆ, ಆಗುಂಬೆಯ ಮಂಜೂ ಕಡಿಮೆ. ಘಟ್ಟದ ಅಂಚನ್ನೂ ಅಳಿವೆಯನ್ನೂ ಒಂದೇ ಪ್ರವಾಸದಲ್ಲಿ ಮಕ್ಕಳಿಗೆ ತೋರಿಸಬಹುದು.